ಮೊಣಕಾಲುದ್ದದ ಕಡಲು: ಸಾರ್ಡೀನಿಯಾ ದ್ವೀಪದ ಲಾ ಪೆಲೋಸಾ

ಪಡುಗಡಲಿನ ಮಗ್ಗುಲಲ್ಲಿ ಹುಟ್ಟಿ ಬೆಳೆದ ನಮಗೆ ಕಡಲೆಂದರೆ ಮೊದಲು ನೆನಪಿಗೆ ಬರುವುದು ಅದರ ಮೊರೆತ. ಆಟಿ ತಿಂಗಳಲ್ಲಿ ತೆಂಗಿನ ಬುಡವನ್ನೇ ಕೊರೆದು ಕೊಂಡೊಯ್ಯುವ ತೆರೆಗಳನ್ನು ಕಂಡವರಿಗೆ ಬೇಸಗೆಯಲ್ಲೂ ಅದರ ಮೇಲೆ ಪೂರ್ತಿ ನಂಬಿಕೆ ಬಾರದು. ಮಕ್ಕಳನ್ನು ಕಡಪ್ಪುರಕ್ಕೆ ಕರೆದೊಯ್ದ ತಾಯಂದಿರು ಅವರ ಕೈ ಬಿಡುವುದಿಲ್ಲ. ಆದರೆ ಕಡಲಿಗೆ ಇನ್ನೊಂದು ಸ್ವಭಾವವೂ ಉಂಟು. ಮೂರು ವರ್ಷದ ಕೂಸು ದಡದಿಂದ ಹತ್ತು ಹೆಜ್ಜೆ ಆಚೆ ಒಂಟಿಯಾಗಿ ಕುಳಿತು ನೀರು ಬಡಿಯುತ್ತಿದ್ದರೂ ಹೆತ್ತವರು ನೆಮ್ಮದಿಯಿಂದ ನೋಡುತ್ತಾ ಕುಳಿತುಕೊಳ್ಳಬಹುದಾದ ಕಡಲೊಂದನ್ನು ನಾವು ಭೂಮಧ್ಯ ಸಮುದ್ರದ ಸಾರ್ಡೀನಿಯಾ ದ್ವೀಪದಲ್ಲಿ ಕಂಡೆವು. ಅದರ ಹೆಸರು ಲಾ ಪೆಲೋಸಾ.

ಸಾರ್ಡೀನಿಯಾ ಇಟಲಿಗೆ ಸೇರಿದ ದ್ವೀಪ. ಸುಮಾರು 24,000 ಚದರ ಕಿಲೋಮೀಟರ್ ವಿಸ್ತಾರದ ಇದು ಭೂಮಧ್ಯ ಸಮುದ್ರದಲ್ಲಿ ಸಿಸಿಲಿಯನ್ನು ಬಿಟ್ಟರೆ ಅತಿ ದೊಡ್ಡದು. ನಮ್ಮ ಬೂತಾಯಿಯನ್ನು, ಮಲಯಾಳದವರ ಮತ್ತಿಯನ್ನು, ಇಂಗ್ಲಿಷಿನಲ್ಲಿ ಸಾರ್ಡೀನ್ ಎನ್ನುತ್ತಾರಲ್ಲವೇ? ಆ ಹೆಸರು ಬಂದದ್ದು ಈ ದ್ವೀಪದಿಂದಲೇ ಎಂಬುದು ಸಾಮಾನ್ಯ ನಂಬಿಕೆ. ಹೀಗಾಗಿ ದ್ವೀಪವನ್ನು ಕಾಣದವರಿಗೂ ಅದರ ಹೆಸರು ಅಷ್ಟೇನೂ ಹೊಸದಲ್ಲ.

ದಾರಿ ಮತ್ತು ಊರು

ದ್ವೀಪದ ವಾಯವ್ಯ ಭಾಗದ ದೊಡ್ಡ ಪಟ್ಟಣ ಸಾಸ್ಸರಿ. ಅಲ್ಲಿಂದ ಸುಮಾರು 50 ಕಿಲೋಮೀಟರ್ ಬಸ್ಸಿನಲ್ಲಿ ಸಾಗಿದರೆ ಸ್ತಿಂತೀನೋ ಎಂಬ ಚಿಕ್ಕ ಊರು ಸಿಗುತ್ತದೆ. ಕಡಲಿನತ್ತ ಚಾಚಿಕೊಂಡ ನೆಲದ ತುದಿಯಲ್ಲಿ, ಎರಡು ಕಿರಿದಾದ ಕಡಲಗಂಡಿಗಳ ನಡುವೆ ಅದು ನಿಂತಿದೆ. ಊರಿನ ಹೆಸರಿಗೆ ಅಲ್ಲಿಯವರ ಮಾತಿನಲ್ಲಿ ಕರುಳು ಎಂಬ ಅರ್ಥವಂತೆ. ಕರುಳಿನಂತೆ ಸಪೂರವಾಗಿ ಒಳನುಗ್ಗಿದ ನೀರನ್ನು ನೋಡಿದಾಗ ಹೆಸರಿಟ್ಟವರ ಕಣ್ಣು ಮೆಚ್ಚಬೇಕು. ಹಿಂದೆ ಇದು ದೊಡ್ಡ ಟ್ಯೂನಾ ಮೀನಿನ ಬೇಟೆಗೆ ಹೆಸರಾದ ಊರು. ಆ ಕಸುಬು ನಿಂತು ಬಹಳ ವರ್ಷಗಳಾದವು. ಅದರ ಬಲೆ, ದೋಣಿ, ನೆನಪುಗಳಿಗೆ ಈಗ ಊರಿನಲ್ಲಿ ಒಂದು ವಸ್ತುಸಂಗ್ರಹಾಲಯವಿದೆ.

ಊರಿನಿಂದ ಇನ್ನೂ ಕೆಲವು ಕಿಲೋಮೀಟರ್ ಉತ್ತರಕ್ಕೆ ಹೋದರೆ ನೆಲ ಮುಗಿಯುವಲ್ಲಿ ಲಾ ಪೆಲೋಸಾ. ನಾವು ಹೋದದ್ದು ಜೂನ್ ತಿಂಗಳ ಒಂದು ಬೆಳಗ್ಗೆ. ಕಡಪ್ಪುರಕ್ಕೆ ಇಳಿಯುವಲ್ಲಿ ತಡೆ ಹಾಕಿ ಚೀಟಿ ಕೇಳಿದರು. ಕಡಲು ನೋಡಲೂ ಟಿಕೇಟೇ ಎಂದು ಹುಬ್ಬೇರಿಸುವವರಿಗೆ ಹೇಳುವುದಾದರೆ, ಬೇಸಗೆಯ ತಿಂಗಳುಗಳಲ್ಲಿ ಇಲ್ಲಿ ದಿನಕ್ಕೆ 1,500 ಜನರಿಗೆ ಮಾತ್ರ ಪ್ರವೇಶ. ಈ ಏರ್ಪಾಡು 2020ರಲ್ಲಿ ಆರಂಭವಾಯಿತು. ಮೊದಲೇ ಹೆಸರು ಬರೆಸಿ ತಲೆಗೆ ಮೂರೂವರೆ ಯೂರೋ, ನಮ್ಮ ಲೆಕ್ಕದಲ್ಲಿ ಮುನ್ನೂರು ರೂಪಾಯಿಗೂ ಮಿಕ್ಕಿ, ತೆರಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಹಣವಿಲ್ಲ. ಚೀಟಿ ನೋಡಿದ ಹುಡುಗಿ ರಕ್ಷೆಯ ದಾರ ಕಟ್ಟುವಂತೆ ನಮ್ಮ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿದಳು. ಆಮೇಲೆ ನಮ್ಮ ಚೀಲದ ಕಡೆ ಬೆರಳು ತೋರಿಸಿ, "ಚಾಪೆ ಇದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬೈರಾಸನ್ನು ನೇರ ಹೊಯಿಗೆಯ ಮೇಲೆ ಹಾಸುವಂತಿಲ್ಲ. ಅದರಡಿಗೆ ಚಾಪೆ ಬೇಕೇ ಬೇಕು. ತಪ್ಪಿದರೆ ದಂಡ. ಇದರ ಗುಟ್ಟನ್ನು ಮುಂದೆ ಹೇಳುತ್ತೇವೆ.

ನೀರೊಳಗೆ

ಕೆಲವು ನೂರು ಮೀಟರ್ ಉದ್ದದ, ಬಿಲ್ಲಿನಂತೆ ಬಾಗಿದ ದಡ. ಹೊಯಿಗೆ ಜರಡಿ ಹಿಡಿದ ಅಕ್ಕಿಹಿಟ್ಟಿನಷ್ಟು ನಯ, ಅಷ್ಟೇ ಬಿಳುಪು. ನೀರಿಗೆ ಕಾಲಿಟ್ಟರೆ ಪಾದದ ಉಗುರುಗಳನ್ನು ಎಣಿಸಬಹುದು. ನಡೆದೆವು, ಮೊಣಕಾಲಿನವರೆಗೆ ಬಂತು. ಇನ್ನೂ ನಡೆದೆವು, ಆಗಲೂ ಮೊಣಕಾಲೇ! ನಡುವಿನವರೆಗೆ ನೀರು ಬರಬೇಕಾದರೆ ಸಾಕಷ್ಟು ದೂರ ಹೋಗಬೇಕಾಯಿತು. ದಡದ ಹತ್ತಿರ ನೀರಿಗೆ ಬಣ್ಣವೇ ಇಲ್ಲ. ಮುಂದೆ ಎಳೆಯ ಬಾಳೆಸುಳಿಯ ಹಸಿರು, ಆಚೆಗೆ ನೀಲಿ, ಅದರಾಚೆ ಕಡುನೀಲಿ. ಅಜ್ಜಿಯರಿಬ್ಬರು ಟೊಪ್ಪಿ ಹಾಕಿಕೊಂಡು ತೊಡೆಮಟ್ಟದ ನೀರಿನಲ್ಲಿ ನಿಂತು, ನಮ್ಮೂರಿನ ಬಾವಿಕಟ್ಟೆಯ ಬಳಿ ನಿಂತವರಂತೆ ಬಹಳ ಹೊತ್ತು ಮಾತನಾಡುತ್ತಿದ್ದರು. ತೆರೆ ಎಂಬುದು ಅವರ ಮಾತನ್ನು ಒಮ್ಮೆಯೂ ತಡೆಯಲಿಲ್ಲ.

ದಡದೆದುರು ಪುಟ್ಟ ಬಂಡೆದ್ವೀಪವೊಂದರ ಮೇಲೆ ಕಲ್ಲಿನ ಗೋಪುರ ನಿಂತಿದೆ. 1578ರಲ್ಲಿ, ಸಾರ್ಡೀನಿಯಾ ಸ್ಪೇನಿನ ಅರಸರ ಕೈಯಲ್ಲಿದ್ದಾಗ, ಉತ್ತರ ಆಫ್ರಿಕದ ಕಡೆಯಿಂದ ಬರುತ್ತಿದ್ದ ಕಡಲ್ಗಳ್ಳರ ಮೇಲೆ ಕಣ್ಣಿಡಲು ಕಟ್ಟಿದ್ದು ಅದು. ಅಲ್ಲಿಗೆ ದೋಣಿ ಬೇಡ, ನೀರಿನಲ್ಲಿ ನಡೆದೇ ಹೋಗಬಹುದು. ಬಂಡೆ ಒರಟಾದ್ದರಿಂದ ಕಾಲಿಗೆ ರಬ್ಬರ್ ಮೆಟ್ಟು ಇದ್ದರೆ ಒಳ್ಳೆಯದು.

ಈ ಶಾಂತಿಗೆ ಕಾರಣ ಭೂಗೋಳದಲ್ಲಿದೆ. ಆ ಕಡೆ ಬಲವಾಗಿ ಬೀಸುವುದು ವಾಯವ್ಯದ ಗಾಳಿ. ಮಾಯೆಸ್ತ್ರಾಲೆ ಎಂದು ಅದರ ಹೆಸರು. ಪಡುವಣದಲ್ಲಿ ಫಾಲ್ಕೋನೆ ಎಂಬ ಭೂಶಿರ ಅದಕ್ಕೆ ಬೆನ್ನೊಡ್ಡಿ ನಿಂತಿದೆ. ಉತ್ತರದಲ್ಲಿ ಪಿಯಾನಾ ಎಂಬ ತಗ್ಗಿನ ದ್ವೀಪ, ಅದರ ಹಿಂದೆ ಅಸಿನಾರಾ ಎಂಬ ದೊಡ್ಡ ದ್ವೀಪ. ಈ ಮೂವರು ಕಾವಲುಗಾರರ ನಡುವೆ ಲಾ ಪೆಲೋಸಾ ಮನೆಯಂಗಳದ ಕೊಳದಂತೆ ಉಳಿದಿದೆ. ಊರಿನವರು ಭೂಶಿರದ ಆಚೆಯದ್ದನ್ನು ಹೊರಗಡಲು ಎಂದೂ ಈಚೆಯದ್ದನ್ನು ಒಳಗಡಲು ಎಂದೂ ಕರೆಯುತ್ತಾರೆ. ಹೊರಗಡಲು ಬಂಡೆಗಪ್ಪಳಿಸಿ ನೊರೆ ಕಾರುತ್ತಿರುವಾಗಲೂ ಒಳಗಡಲು ಸುಮ್ಮನಿರುವುದುಂಟು. ಜೊತೆಗೆ ಭೂಮಧ್ಯ ಸಮುದ್ರದಲ್ಲಿ ಭರತ ಇಳಿತ ಬಲು ಕಡಿಮೆ. ಹೆಚ್ಚಿನ ಕಡೆ ಒಂದು ಗೇಣು, ಒಂದೂವರೆ ಗೇಣು ಅಷ್ಟೇ. ನಮ್ಮ ಅಳಿವೆಗಳಲ್ಲಿ ನೀರು ದಿನಕ್ಕೆರಡು ಸಲ ಏರಿ ಇಳಿಯುವುದನ್ನು ನೋಡಿ ರೂಢಿಯಾದವರಿಗೆ, ಬೆಳಗ್ಗೆ ಇಟ್ಟ ಚಪ್ಪಲಿಯ ಬಳಿಯಲ್ಲೇ ಸಂಜೆಯೂ ನೀರಿನ ಅಂಚು ಇರುವುದು ಸೋಜಿಗವಾಗಿ ಕಾಣುತ್ತದೆ.

ಎದುರು ದ್ವೀಪದ ಕತೆ

ನೀರಿನಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಅಸಿನಾರಾ ದ್ವೀಪದ ಬೋಳು ಗುಡ್ಡಗಳು ಕಾಣುತ್ತವೆ. ಸುಮಾರು 50 ಚದರ ಕಿಲೋಮೀಟರ್ ನೆಲ. ಈ ದ್ವೀಪದ ಚರಿತ್ರೆ ತಿಳಿಯದೆ ಸ್ತಿಂತೀನೋ ಅರ್ಥವಾಗದು.

1885ರವರೆಗೆ ಅಲ್ಲಿ ಜನರಿದ್ದರು. ಕುರಿ ಮೇಯಿಸುವ ಸಾರ್ಡೀನಿಯಾದವರು, ಇಟಲಿಯ ಲಿಗೂರಿಯ ಕರಾವಳಿಯಿಂದ ಬಂದು ನೆಲೆಸಿದ ಮೀನುಗಾರರು, ಹೀಗೆ ಬೇರೆ ಬೇರೆ ಮಾತಿನವರು ಕೂಡಿ ಬಾಳುತ್ತಿದ್ದ ನೆಲ. ಆ ವರ್ಷ ಇಟಲಿಯ ಸರಕಾರ ಕಾನೂನು ಮಾಡಿ ಇಡೀ ದ್ವೀಪವನ್ನು ಸ್ವಾಧೀನಪಡಿಸಿಕೊಂಡಿತು. ಕೈದಿಗಳನ್ನು ದುಡಿಸುವ ಬಂದೀಖಾನೆಗೂ, ಹಡಗುಗಳಲ್ಲಿ ಬರುವ ರೋಗಿಗಳನ್ನು ದೂರವಿಡುವ ಕೇಂದ್ರಕ್ಕೂ ಅದು ಬೇಕಾಗಿತ್ತು. ಜನ ಹೊರಡಬೇಕಾಯಿತು. ಹಾಗೆ ಹೊರಟವರಲ್ಲಿ 45 ಕುಟುಂಬಗಳು ಕಾಲುವೆಯಂತಿರುವ ಕಡಲನ್ನು ದಾಟಿ, ತಮ್ಮ ಹಳೆಯ ಮನೆಗಳು ಕಣ್ಣಿಗೆ ಕಾಣುವಷ್ಟು ಸಮೀಪದಲ್ಲಿ ಹೊಸ ಊರು ಕಟ್ಟಿದವು. ಅದೇ ಸ್ತಿಂತೀನೋ. ಬರುವಾಗ ದ್ವೀಪದಲ್ಲಿ ತಾವು ಪೂಜಿಸುತ್ತಿದ್ದ ರಕ್ಷಣೆಯ ಮಾತೆಯ ವಿಗ್ರಹವನ್ನೂ ತಂದರು. ಪ್ರತಿವರ್ಷ ಸೆಪ್ಟೆಂಬರ್ 8ರಂದು ಆ ಮಾತೆಯ ಹಬ್ಬ ಇಂದಿಗೂ ನಡೆಯುತ್ತದೆ. ಮನೆ ಬಿಟ್ಟು ಬಂದವರು ದೇವರನ್ನು ಬಿಟ್ಟು ಬರಲಿಲ್ಲ. ಇದು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ.

ತೆರವಾದ ದ್ವೀಪ ಮುಂದೆ ಕಂಡದ್ದೆಲ್ಲ ಪರರ ಸಂಕಟವನ್ನೇ. ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯಾ ಹಂಗೇರಿಯ ಯುದ್ಧಕೈದಿಗಳನ್ನು ಇಲ್ಲಿಗೆ ತಂದಿಳಿಸಿದರು. ಕಾಲರಾ, ಹಸಿವೆಗಳಿಂದ ಸಾವಿರಾರು ಮಂದಿ ಇಲ್ಲೇ ಮಣ್ಣಾದರು. 1930ರ ದಶಕದಲ್ಲಿ ಇಥಿಯೋಪಿಯದಿಂದ ಗಡೀಪಾರಾದವರನ್ನು ಇರಿಸಿದರು. ಕೊನೆಗೆ ಮಾಫಿಯಾದ ಮುಖಂಡರಿಗೆ ಕಟ್ಟುನಿಟ್ಟಿನ ಸೆರೆಮನೆಯಾಯಿತು. 1985ರಲ್ಲಿ ಮಾಫಿಯಾದ ವಿರುದ್ಧ ಮಹಾ ಮೊಕದ್ದಮೆಯನ್ನು ಸಿದ್ಧಪಡಿಸುತ್ತಿದ್ದ ನ್ಯಾಯಾಧಿಕಾರಿಗಳಾದ ಫಾಲ್ಕೋನೆ ಮತ್ತು ಬೋರ್ಸೆಲ್ಲೀನೋ ಅವರನ್ನು ಜೀವಭಯದಿಂದ ಕಾಪಾಡಲು ಸಂಸಾರ ಸಮೇತ ಇದೇ ದ್ವೀಪದಲ್ಲಿ ಇರಿಸಲಾಗಿತ್ತು. ವಾಸದ ಖರ್ಚಿನ ಬಿಲ್ಲನ್ನು ಆಮೇಲೆ ಸರಕಾರ ಅವರ ಕೈಗೇ ಕೊಟ್ಟಿತು! 1992ರಲ್ಲಿ ಇಬ್ಬರೂ ಮಾಫಿಯಾದ ಬಾಂಬಿಗೆ ಬಲಿಯಾದರು. 1997ರಲ್ಲಿ ಅಸಿನಾರಾ ರಾಷ್ಟ್ರೀಯ ಉದ್ಯಾನವಾಯಿತು, ಸೆರೆಮನೆಯೂ ಮುಚ್ಚಿತು. ಈಗ ಅಲ್ಲಿ ಹೆಸರಾದವರು ನೀಲಿಗಣ್ಣಿನ ಬಿಳಿ ಕತ್ತೆಗಳು. ಸ್ತಿಂತೀನೋದಿಂದ ದೋಣಿಯಲ್ಲಿ ಹೋಗಿ ನೋಡಿ ಬರಬಹುದು.

ಹೊಯಿಗೆಯ ಲೆಕ್ಕ

ಇನ್ನು ಚಾಪೆಯ ಗುಟ್ಟು. ಒದ್ದೆ ಬೈರಾಸು ಹೊಯಿಗೆಯನ್ನು ಹೀರಿಕೊಂಡಂತೆ ಹಿಡಿದಿಡುತ್ತದೆ. ಕೊಡವಿದರೂ ಒಂದು ಹಿಡಿ ಉಳಿಯುತ್ತದೆ. ಸಾವಿರಾರು ಜನ, ಬೇಸಗೆಯ ನೂರು ದಿನ, ಹತ್ತಾರು ವರ್ಷ ಎಂದು ಗುಣಿಸಿದರೆ ಲಾರಿಗಟ್ಟಲೆ ಹೊಯಿಗೆ ಊರು ಬಿಟ್ಟು ಹೋದಂತಾಯಿತು. ನಯವಾದ ಚಾಪೆಗೆ ಅದು ಅಂಟುವುದಿಲ್ಲ. ಹೊರಡುವಾಗ ಕಾಲು ತೊಳೆದು ಹೋಗಬೇಕೆಂಬ ನಿಯಮಕ್ಕೂ ಇದೇ ಕಾರಣ. ಕಡಲು ಹೊಸ ಹೊಯಿಗೆ ತಂದು ಹಾಕದೇ ಎಂದು ಕೇಳಬಹುದು. ನಮ್ಮಲ್ಲಾದರೆ ಮಳೆಗಾಲದ ಹೊಳೆಗಳು ಘಟ್ಟದಿಂದ ಹೊಯಿಗೆ ತರುತ್ತವೆ. ಲಾ ಪೆಲೋಸಾದ ಬಳಿ ಅಂಥ ಹೊಳೆಯಿಲ್ಲ. ಇದ್ದದ್ದೇ ಬಂಡವಾಳ.

ಆ ಬಂಡವಾಳವನ್ನು ಹಿಡಿದಿಡುವುದು ಪೊಸಿಡೋನಿಯಾ ಎಂಬ ಕಡಲಹುಲ್ಲು. ಭೂಮಧ್ಯ ಸಮುದ್ರದಲ್ಲಿ ಬಿಟ್ಟರೆ ಬೇರೆಲ್ಲೂ ಬೆಳೆಯದ ಸಸ್ಯವಿದು. ಪಾಚಿಯಲ್ಲ, ಬೇರು, ಎಲೆ, ಹೂವು ಎಲ್ಲ ಉಳ್ಳ ನಿಜವಾದ ಗಿಡ. ನೀರಿನಡಿಯ ಗದ್ದೆಯಂತೆ ಹಬ್ಬಿ ತೆರೆಯ ರಭಸವನ್ನು ಕಡಿಮೆ ಮಾಡುತ್ತದೆ, ಬೇರಿನಿಂದ ಹೊಯಿಗೆಯನ್ನು ಬಿಗಿದಿಡುತ್ತದೆ. ಶರತ್ಕಾಲದಲ್ಲಿ ಎಲೆಗಳುದುರಿ ದಡಕ್ಕೆ ಬಂದು ಕಂದು ರಾಶಿಯಾಗಿ ಬೀಳುತ್ತವೆ. ಚಳಿಗಾಲದ ತೆರೆಗಳಿಗೆ ಅಡ್ಡಲಾಗಿ ನಿಂತು ದಡವನ್ನು ಕಾಯುವುದೂ ಆ ರಾಶಿಯೇ. ಪ್ರವಾಸಿಗರಿಗೆ ಅದು ಕಸವಾಗಿ ಕಂಡಿತು. ಕಸವೆಂದು ಯಂತ್ರಗಳಿಂದ ಎತ್ತಿ ಸಾಗಿಸಿದ ಕಡೆಗಳಲ್ಲಿ ಹೊಯಿಗೆಯೂ ಜೊತೆಗೆ ಹೋಯಿತು. ದಡದ ಹಿಂದಿನ ಹೊಯಿಗೆದಿಬ್ಬಗಳು ಬೇಸಾಯಗಾರನ ಕಣಜವಿದ್ದಂತೆ: ಕಡಲು ಕೊರೆದಾಗ ಕೊಡುತ್ತವೆ, ಗಾಳಿ ತಂದಾಗ ಕೂಡಿಡುತ್ತವೆ. ಅವುಗಳನ್ನು ತುಳಿದರೆ ಮೇಲಿನ ಗಿಡ ಸಾಯುತ್ತದೆ, ಗಿಡ ಸತ್ತರೆ ದಿಬ್ಬ ಹಾರಿಹೋಗುತ್ತದೆ. ಆದ್ದರಿಂದ ಈಗ ದಿಬ್ಬಗಳ ಮೇಲೆ ಹತ್ತುವಂತಿಲ್ಲ.

ಬೇಕೆಂದೇ ಕದಿಯುವವರೂ ಇದ್ದಾರೆ. 2019ರಲ್ಲಿ ಸ್ತಿಂತೀನೋಗೆ ಹತ್ತಿರದ ಪೋರ್ತೊ ತೊರ್ರೆಸ್ ಬಂದರಿನಲ್ಲಿ ಫ್ರಾನ್ಸಿನ ದಂಪತಿಯ ವಾಹನವನ್ನು ತಪಾಸಣೆ ಮಾಡಿದಾಗ 14 ಬಾಟ್ಲಿಗಳಲ್ಲಿ ಸುಮಾರು 40 ಕಿಲೋ ಹೊಯಿಗೆ ಸಿಕ್ಕಿತು. ದ್ವೀಪದ ದಕ್ಷಿಣದ ಕಡಪ್ಪುರವೊಂದರಿಂದ ತುಂಬಿಸಿಕೊಂಡದ್ದು, ನೆನಪಿಗಾಗಿ! 2017ರ ಪ್ರಾದೇಶಿಕ ಕಾನೂನಿನಂತೆ ಹೊಯಿಗೆ, ಬೆಣಚುಕಲ್ಲು, ಚಿಪ್ಪು ಒಯ್ಯುವವರಿಗೆ 500ರಿಂದ 3,000 ಯೂರೋ ತನಕ ದಂಡವಿದೆ.

ಹೋಗುವವರಿಗೆ

ನಮ್ಮ ಕಡೆಯ ಮಕ್ಕಳು ಉದ್ಯೋಗಕ್ಕಾಗಿ ಕೊಲ್ಲಿ ರಾಷ್ಟ್ರಗಳಲ್ಲಿ ಮಾತ್ರವಲ್ಲ, ಈಗ ಯುರೋಪಿನಲ್ಲೂ ಇದ್ದಾರೆ. ಅವರನ್ನು ನೋಡಲು ಹೋಗುವ ಹಿರಿಯರಿಗೆ ಒಂದೆರಡು ಮಾತು. ಜುಲೈ, ಆಗಸ್ಟ್ ಬೇಡ. ಜೂನ್ ಅಥವಾ ಸೆಪ್ಟೆಂಬರ್ ಲೇಸು. ಪ್ರವೇಶಪತ್ರವನ್ನು ಮುಂಚಿತವಾಗಿಯೇ ಪಡೆಯಿರಿ. ಚಾಪೆ, ಕೊಡೆ, ಕುಡಿಯುವ ನೀರು ಮರೆಯಬೇಡಿ. ಅಲ್ಲಿ ತೆಂಗಿನ ನೆರಳಿಲ್ಲ, ಬಿಳಿ ಹೊಯಿಗೆಯ ಝಳ ಕಣ್ಣಿಗೆ ಕುಕ್ಕುತ್ತದೆ. ಸಿಗರೇಟು ಸೇದುವಂತಿಲ್ಲ. ಈಜು ಬಾರದವರೂ ನೀರಿಗಿಳಿಯಬಹುದು, ಆದರೆ ಈಶಾನ್ಯದ ಗಾಳಿಗೆ ಮಾತ್ರ ಈ ದಡಕ್ಕೆ ಆಸರೆ ಕಡಿಮೆ. ಅಂಥ ದಿನ ಎಚ್ಚರ ಬೇಕು.

ದಿನಕ್ಕೆ 1,500 ಎಂಬ ಸಂಖ್ಯೆ ಮೊದಲಿಗೆ ನಮಗೂ ಜಿಪುಣತನವೆನಿಸಿತು. ಜನ ಬಂದಷ್ಟೂ ಅಂಗಡಿ, ಹೋಟೆಲುಗಳಿಗೆ ಲಾಭ; ಮೀನುಬೇಟೆ ನಿಂತುಹೋದ ಊರಿಗೆ ಬೇರೆ ಗತಿಯೂ ಹೆಚ್ಚಿಲ್ಲ. ಹಾಗಿದ್ದೂ ಸ್ತಿಂತೀನೋದ ಆಡಳಿತ ಬಾಗಿಲಲ್ಲಿ ನಿಂತು ತಲೆ ಎಣಿಸುವ ನಿರ್ಧಾರಕ್ಕೆ ಬಂತು. 1885ರಲ್ಲಿ ಈ ಜನರ ದ್ವೀಪದ ವಿಚಾರವನ್ನು ತೀರ್ಮಾನಿಸಿದವರು ದೂರದ ರೋಮಿನಲ್ಲಿ ಕುಳಿತವರು. ಆಮೇಲೆ ನೂರು ವರ್ಷ ಊರು ಸಾಸ್ಸರಿ ನಗರಸಭೆಯ ಒಂದು ಮೂಲೆಯಾಗಿತ್ತು; 1988ರಲ್ಲಿ ಮಾತ್ರ ಅದಕ್ಕೆ ತನ್ನದೇ ಆದ ಆಡಳಿತ ಸಿಕ್ಕಿತು. ಒಂದು ದ್ವೀಪವನ್ನು ಕಳಕೊಂಡ 45 ಕುಟುಂಬಗಳ ಮೊಮ್ಮಕ್ಕಳು, ಮರಿಮಕ್ಕಳು ಉಳಿದ ಈ ಕೆಲವು ನೂರು ಮೀಟರ್ ದಡದ ಬಗ್ಗೆ ತಾವೇ ಕುಳಿತು ಲೆಕ್ಕ ಹಾಕಿದ್ದಾರೆ. ನಾವೂ ನಳ್ಳಿಯಡಿ ಕಾಲು ತೊಳೆದು, ಚಾಪೆ ಕೊಡವಿ, ಅಲ್ಲಿಯ ಹೊಯಿಗೆಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆವು.