ನೀರನ್ನೊಡೆಯುವ ಲೋಹಗಳು

ಒಲೆಯ ಮುಂದೆ ದುಡಿದವನಿಗೆ ಗಾಳಿಯ ಬೆಲೆ ಗೊತ್ತು. ಗಾಳಿಯಾಡದ ಅಡಿಗೆಮನೆಯಲ್ಲಿ ಬೆಂಕಿಯೂ ಮಂಕಾಗುವುದು, ಮನುಷ್ಯನೂ ಬಳಲುವನು. ಇಬ್ಬರಿಗೂ ಬೇಕಾದುದು ಆಮ್ಲಜನಕ. ಗಾಳಿಯಲ್ಲಿ ಅದು ನೂರಕ್ಕೆ ಸುಮಾರು 21 ಪಾಲು ಇದೆ. ಅದನ್ನು ಗಿಡಮರಗಳು ಕೊಡುತ್ತವೆಂದು ಶಾಲೆಯ ಹುಡುಗನೂ ಹೇಳಿಯಾನು. ಆದರೆ ಗಿಡ ಅದನ್ನು ಯಾವುದರಿಂದ ತೆಗೆಯುವುದು? ಅಂಗಾರಾಮ್ಲವಾಯುವಿನಿಂದ ಎಂದು ನಾವೂ ಬಹುಕಾಲ ನಂಬಿದ್ದೆವು. ಅದು ಸರಿಯಲ್ಲ. 1941ರಲ್ಲಿ ಅಮೆರಿಕದ ರೂಬೆನ್, ಕಾಮೆನ್ ಮತ್ತು ಸಂಗಡಿಗರು ತೂಕ ಹೆಚ್ಚಾದ ಆಮ್ಲಜನಕವುಳ್ಳ ನೀರನ್ನು ಪಾಚಿಗೆ ಕೊಟ್ಟು ನೋಡಿದರು. ಹೊರಬಂದ ವಾಯುವಿನಲ್ಲಿ ಅದೇ ಆಮ್ಲಜನಕ ಕಂಡಿತು. ನಮ್ಮ ಉಸಿರಿನ ಮೂಲ ನೀರು.

ನೀರನ್ನು ಒಡೆಯುವುದು ಸುಲಭವಲ್ಲ. ಹಂಡೆಯ ನೀರನ್ನು ದಿನವಿಡೀ ಕುದಿಸಿದರೂ ಹಬೆಯಾಗುವುದೇ ಹೊರತು ಒಡೆಯದು. ಎಲೆಯಾದರೋ ಬರಿಯ ಬಿಸಿಲಿನ ಬಲದಿಂದ ಒಡೆಯುವುದು. ಬಿಸಿಲನ್ನು ಹೀರುವ ಪತ್ರಹರಿತ್ತಿನ ನಡುವೆ ಮೆಗ್ನೀಸಿಯಂ ಇದೆ. ನೀರನ್ನು ಒಡೆಯುವುದು ಬೇರೊಂದು ಪುಟ್ಟ ಗುಂಪು: ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಇವನ್ನು ಬೆಸೆದ ಐದು ಆಮ್ಲಜನಕ. ಈ ಲೋಹಗಳು ಅಲ್ಲಿ ಅಯಾನುಗಳಾಗಿ, ಎಂದರೆ ಕೆಲವು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ರೂಪದಲ್ಲಿ ಇರುವುವು.

ಇದರ ವ್ಯವಹಾರ ಉದ್ರಿ ಖಾತೆಯನ್ನು ಹೋಲುವುದು. ಒಂದು ಅಣು ಆಮ್ಲಜನಕ ದೊರೆಯಲು ಎರಡು ಅಣು ನೀರಿನಿಂದ ನಾಲ್ಕು ಎಲೆಕ್ಟ್ರಾನುಗಳನ್ನು ತೆಗೆಯಬೇಕು. ಬೆಳಕಾದರೋ ಒಂದು ಸಲಕ್ಕೆ ಒಂದನ್ನೇ ಎಳೆಯಬಲ್ಲದು. ಆದುದರಿಂದ ಮ್ಯಾಂಗನೀಸ್ ಗುಂಪು ಪ್ರತಿ ಸಲವೂ ತನ್ನ ಕೈಯಿಂದ ಒಂದನ್ನು ಕೊಟ್ಟು ಬಾಕಿ ಬರೆದುಕೊಳ್ಳುವುದು. ನಾಲ್ಕು ಬಾಕಿಯಾದೊಡನೆ ಎಲ್ಲವನ್ನೂ ನೀರಿನಿಂದ ಒಮ್ಮೆಗೇ ವಸೂಲು ಮಾಡುವುದು.

ಈ ಲೆಕ್ಕ ಬರಿಯ ಊಹೆಯಲ್ಲ. 1969ರಲ್ಲಿ ಫ್ರಾನ್ಸಿನ ಪಿಯೆರ್ ಜೋಲಿಯೋ (ಇವರು ಮೇರಿ ಕ್ಯೂರಿಯ ಮೊಮ್ಮಗ) ಮತ್ತು ಜೊತೆಗಾರರು, ಕತ್ತಲೆಯಲ್ಲಿಟ್ಟಿದ್ದ ಹಸಿರಿಗೆ ಕ್ಷಣಮಾತ್ರದ ಬೆಳಕನ್ನು ಒಂದೊಂದಾಗಿ ಹಾಯಿಸಿದರು. ಮೊದಲನೆಯದಕ್ಕೆ ಆಮ್ಲಜನಕ ಬಹುತೇಕ ಬರಲಿಲ್ಲ. ಮೂರನೆಯದಕ್ಕೆ ಹೇರಳವಾಗಿ ಬಂದಿತು. ಆಮೇಲೆ ನಾಲ್ಕಕ್ಕೊಮ್ಮೆ ಏರಿಕೆ ಕಂಡಿತು. ಕತ್ತಲೆಯಲ್ಲಿಯೂ ಖಾತೆಯಲ್ಲಿ ಒಂದು ಬಾಕಿ ನಿಂತಿರುವುದೇ ಇದಕ್ಕೆ ಕಾರಣವೆಂದು 1970ರಲ್ಲಿ ಬೆಸೆಲ್ ಕೋಕ್ ವಿವರಿಸಿದರು. 2011ರಲ್ಲಿ ಜಪಾನಿನ ಶೆನ್ ಮತ್ತು ಕಾಮಿಯಾ ಅವರ ತಂಡ ಗುಂಪಿನ ಪ್ರತಿ ಪರಮಾಣುವಿನ ಸ್ಥಾನವನ್ನೂ ತೋರಿಸಿತು. ಅದರ ಆಕಾರ ಸೊಟ್ಟ ಕುರ್ಚಿಯಂತಿದೆ. ಕ್ಯಾಲ್ಸಿಯಂ ತಾನು ಬಾಕಿ ಬರೆಯದು. ಆದರೂ ಅದನ್ನು ತೆಗೆದರೆ ಕೆಲಸ ನಿಲ್ಲುವುದು. ಪಕ್ಕದಲ್ಲಿ ನಿಂತು ನೀರು ನೀಡುವವನಿಲ್ಲದೆ ಪಂಕ್ತಿ ಸಾಗೀತೇ?

ಇದರಿಂದ ನಮಗೇನು? ನೀರನ್ನು ಒಡೆದರೆ ಜಲಜನಕವನ್ನೂ ಪಡೆಯಬಹುದು. ಅದು ಹೊಗೆಯಿಲ್ಲದ ಇಂಧನ. ಉರಿದರೆ ಮತ್ತೆ ನೀರೇ ಆಗುವುದು. ಈ ಕೆಲಸಕ್ಕೆ ವಿಜ್ಞಾನಿಗಳು ರುಥೇನಿಯಂ, ಇರಿಡಿಯಂ ಎಂಬ ಲೋಹಗಳನ್ನು ಬಳಸಿ ಗೆದ್ದಿದ್ದಾರೆ. ಆದರೆ ಅವು ದುರ್ಲಭ, ಬೆಲೆ ವಿಪರೀತ. 2008ರಲ್ಲಿ ಅಮೆರಿಕದ ನೊಸೆರಾ ಮತ್ತು ಕಾನನ್ ಅಗ್ಗದ ಕೋಬಾಲ್ಟಿನಿಂದಲೂ ಇದು ಸಾಧ್ಯವೆಂದು ತೋರಿಸಿದರು. ಮ್ಯಾಂಗನೀಸಾದರೋ ನಮ್ಮ ಸಂಡೂರಿನ ಗುಡ್ಡಗಳಲ್ಲಿಯೇ ಅಗೆದು ತೆಗೆಯುವ ಅದಿರು. ಆದರೆ ಎಲೆ ತನ್ನ ಸವೆದ ಭಾಗವನ್ನು ತಾನೇ ಮತ್ತೆ ಮತ್ತೆ ಹೊಸದಾಗಿಸಿಕೊಳ್ಳುವುದು. ಮನುಷ್ಯನ ಉಪಕರಣ ಬಹುಮಟ್ಟಿಗೆ ಸವೆದರೆ ಸವೆಯಿತು. ಎಲೆಯಷ್ಟು ಅಗ್ಗವಾಗಿ, ಎಲೆಯಷ್ಟು ತಾಳಿಕೆಯಿಂದ ಈ ಕೆಲಸ ಮಾಡುವ ಉಪಕರಣ ಇನ್ನೂ ಕೈಗೆ ಬಂದಿಲ್ಲ. ಬಂದ ದಿನ ಬಡವನ ಒಲೆಗೂ ಬಿಸಿಲಿನ ಇಂಧನ ದೊರೆತೀತು.

ನಾವು ದಿನವೂ ಬಾಳೆಯೆಲೆಯಲ್ಲಿ ಉಂಡು ಮಡಿಸಿ ಎಸೆಯುತ್ತೇವೆ. ಜಗತ್ತಿನ ಪಂಡಿತರು ಕಲಿಯಲು ಹೆಣಗುತ್ತಿರುವ ವಿದ್ಯೆ ಆ ಎಲೆಯೊಳಗೇ ಇತ್ತು.