ಮೋಡದಲ್ಲಿಟ್ಟ ಖಾತೆ ಪುಸ್ತಕ

೨೦೨೧ನೆಯ ಇಸವಿ ಮಾರ್ಚ್ ೧೦ರಂದು, ನಡುರಾತ್ರಿ ಕಳೆದು ಒಂದು ಗಂಟೆಯೊಳಗಾಗಿ, ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ ರೈನ್ ನದಿಯ ಬಂದರಿನ ಬಳಿಯಿದ್ದ ಐದಂತಸ್ತಿನ ಕಟ್ಟಡವೊಂದಕ್ಕೆ ಬೆಂಕಿ ಹತ್ತಿಕೊಂಡಿತು. ಬೆಳಗಾಗುವ ಹೊತ್ತಿಗೆ ಕಟ್ಟಡ ಸಂಪೂರ್ಣವಾಗಿ ನಾಶವಾಗಿದ್ದಿತು. ಪಕ್ಕದ ಕಟ್ಟಡದ ಒಂದು ಭಾಗವೂ ಬೆಂದಿದ್ದಿತು. ಪುಣ್ಯವಶಾತ್ ಯಾರಿಗೂ ಗಾಯವಾಗಲಿಲ್ಲ. ಓವಿಎಚ್‌ಕ್ಲೌಡ್ ಎಂಬ ಸಂಸ್ಥೆಗೆ ಸೇರಿದ ಆ ಕಟ್ಟಡದ ತುಂಬ ಇದ್ದುದು ಗಣಕಯಂತ್ರಗಳು. ಅವುಗಳೊಳಗೆ ಯೂರೋಪಿನ ಅಸಂಖ್ಯಾತ ಅಂಗಡಿ, ಕಾರ್ಖಾನೆ, ಕಚೇರಿಗಳ ಲೆಕ್ಕ, ಪತ್ರವ್ಯವಹಾರ, ಗಿರಾಕಿಗಳ ಪಟ್ಟಿಗಳು ಇದ್ದುವು.

ನಷ್ಟಕ್ಕೊಳಗಾದವರೆಲ್ಲರೂ ಅಜಾಗರೂಕರಾಗಿದ್ದರೆಂದು ಹೇಳುವಂತಿಲ್ಲ. ಅವರಲ್ಲಿ ಕೆಲವರು ಮೀಸಲು ಪ್ರತಿಗೆಂದು ಬೇರೆಯಾಗಿ ಹಣವನ್ನೂ ತೆತ್ತಿದ್ದರು. ಆದರೆ ಆ ಪ್ರತಿಯಿದ್ದುದು ಮೂಲವಿದ್ದ ಕಟ್ಟಡದಲ್ಲಿಯೇ! ಒಂದು ಸಂಸ್ಥೆಯ ವಿಷಯದಲ್ಲಿ ೨೦೨೩ರಲ್ಲಿ ಅಲ್ಲಿಯ ವಾಣಿಜ್ಯ ನ್ಯಾಯಾಲಯವು ಪರಿಹಾರ ಕೊಡುವಂತೆ ಆಜ್ಞೆ ಮಾಡಿತು. ನ್ಯಾಯ ದೊರೆಯಿತು, ಸುಟ್ಟುಹೋದ ದತ್ತಾಂಶ ದೊರೆಯಲಿಲ್ಲ. ಪ್ರತಿಯನ್ನು ಇಟ್ಟಿದ್ದೂ ಅದಿಲ್ಲದವರಂತೆ ಬರಿಗೈಯಾಗುವುದು ಹೇಗೆ, ಹಾಗಾಗದಂತೆ ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮೊದಲು 'ಕ್ಲೌಡ್' ಎಂಬ ಮಾತು. ದೂರಸಂಪರ್ಕದ ಎಂಜಿನಿಯರುಗಳು ನಕ್ಷೆ ಬರೆಯುವಾಗ, ಯಾವ ಭಾಗದ ಒಳವಿವರ ತಮಗೆ ಬೇಡವೋ ಅದನ್ನು ಒಂದು ಮೋಡದ ಆಕಾರದಿಂದ ಸೂಚಿಸಿ ಮುಂದೆ ಸಾಗುತ್ತಿದ್ದರು. ಆ ಚಿತ್ರವೇ ಹೆಸರಾಗಿ ನಿಂತಿತು. ಹೆಸರು ಆಕಾಶದ್ದಾದರೂ ವಸ್ತು ನೆಲದ್ದೇ. ಮುಂಬಯಿ, ಹೈದರಾಬಾದು, ಪುಣೆ, ಚೆನ್ನೈಗಳಲ್ಲಿ ಇಂಥ 'ಮೋಡ'ಗಳುಂಟು. ಸಾಲುಸಾಲಾಗಿ ನಿಲ್ಲಿಸಿದ ಸರ್ವರ್‌ಗಳು, ಅವನ್ನು ತಂಪಾಗಿಡುವ ಯಂತ್ರಗಳು, ವಿದ್ಯುತ್ತು ಹೋದರೆ ನೆರವಾಗುವ ಬ್ಯಾಟರಿ ಮತ್ತು ಡೀಸೆಲ್ ಜನರೇಟರುಗಳು, ಬಾಗಿಲಲ್ಲಿ ಕಾವಲುಗಾರರು. ಬ್ಯಾಕಪ್ ಎಂದರೆ ಮೀಸಲು ಪ್ರತಿ. ನಮ್ಮ ಕಚೇರಿಯ ಗಣಕದಲ್ಲಿರುವ ದತ್ತಾಂಶದ ಮೀಸಲು ಪ್ರತಿಯನ್ನು ಅಂತರ್ಜಾಲದ ಮೂಲಕ ಅಂತಹ ಕಟ್ಟಡಕ್ಕೆ ಕಳುಹಿಸಿ, ಬೇಕಾದಾಗ ಹಿಂದಕ್ಕೆ ತರಿಸಿಕೊಡುವ ತಂತ್ರಾಂಶವೇ ಕ್ಲೌಡ್ ಬ್ಯಾಕಪ್.

ಒಬ್ಬ ಜವಳಿ ವ್ಯಾಪಾರಿಯನ್ನು ತೆಗೆದುಕೊಳ್ಳಿ. ಹಿಂದೆ ಅವನ ರೋಕಡ ಪುಸ್ತಕ, ಖಾತೆ ಪುಸ್ತಕಗಳು ಕೆಂಪು ಬಟ್ಟೆಯ ರಟ್ಟಿನೊಳಗೆ ಪೆಟ್ಟಿಗೆಯಲ್ಲಿ ಭದ್ರವಾಗಿದ್ದುವು. ಇಂದು ಯಾರು ಎಷ್ಟು ಉದ್ರಿ ಕೊಡಬೇಕು, ಗೋದಾಮಿನಲ್ಲಿ ಎಷ್ಟು ದಾಸ್ತಾನಿದೆ, ತೆರಿಗೆಯೆಷ್ಟು ಎಂಬುದೆಲ್ಲವೂ ಅಂಗೈಯಗಲದ ಒಂದು ಡಿಸ್ಕಿನಲ್ಲಿವೆ. ಅಂಗಡಿಯ ಸೀರೆಗಳಿಗೆ ವಿಮೆಯಿದ್ದೀತು. ಅವು ಸುಟ್ಟರೆ ಹಣ ಬರುತ್ತದೆ. ಉದ್ರಿಯ ಲೆಕ್ಕವೇ ಹೋದರೆ ಯಾರ ಮನೆಯ ಬಾಗಿಲಿಗೆ ಹೋಗಿ ಏನೆಂದು ಕೇಳುವುದು?

ಈ ವ್ಯಾಪಾರಿಯ ಮಗ ಬುದ್ಧಿವಂತನಾಗಿದ್ದು, ಎರಡು ಡಿಸ್ಕುಗಳನ್ನು ಜೋಡಿಸಿ ಒಂದರಲ್ಲಿ ಬರೆದದ್ದು ಮರುಕ್ಷಣದಲ್ಲಿಯೇ ಇನ್ನೊಂದರಲ್ಲಿಯೂ ಮೂಡುವಂತೆ ಏರ್ಪಡಿಸಿದನೆನ್ನಿ. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ, ನಿಜ. ಆದರೆ ಗುಮಾಸ್ತನು ಕೈತಪ್ಪಿ ಒಂದು ವರ್ಷದ ಲೆಕ್ಕವನ್ನು ಅಳಿಸಿದರೆ? ಕನ್ನಡಿಯಲ್ಲಿಯ ಪ್ರತಿಬಿಂಬದಂತೆ ಎರಡನೆಯ ಡಿಸ್ಕೂ ಅದೇ ಕ್ಷಣದಲ್ಲಿ ಅಳಿಸಿಕೊಳ್ಳುತ್ತದೆ. ಕಡತಗಳನ್ನು ಹಲವು ಯಂತ್ರಗಳಲ್ಲಿ ಸಮಾನವಾಗಿಡುವ ಸೇವೆಗಳನ್ನೇ ಬ್ಯಾಕಪ್ ಎಂದು ಭಾವಿಸುವವರು ಬಹಳ ಮಂದಿ. ಅವು ಅನುಕೂಲದ ಸಾಧನಗಳು. ಮೀಸಲು ಪ್ರತಿಯ ಲಕ್ಷಣವೆಂದರೆ, ಮೂಲಕ್ಕೆ ಬಂದ ಆಪತ್ತು ಅದಕ್ಕೆ ತಗಲಕೂಡದು. ಮತ್ತು ನಿನ್ನೆಯ, ಹೋದ ವಾರದ, ಹೋದ ತಿಂಗಳ ಸ್ಥಿತಿಗಳನ್ನು ಅದು ಬೇರೆಬೇರೆಯಾಗಿ ನೆನಪಿಟ್ಟುಕೊಂಡಿರಬೇಕು.

ಈಗ ತಂತ್ರಾಂಶವು ಕೆಲಸ ಮಾಡುವ ಬಗೆಯನ್ನು ನೋಡೋಣ. ಮೊದಲ ದಿನ ಸಮಸ್ತ ದತ್ತಾಂಶವೂ ಹೋಗಬೇಕು. ಇದು ಸಣ್ಣ ಕೆಲಸವಲ್ಲ. ಎರಡು ಟೆರಾಬೈಟ್ ದತ್ತಾಂಶವಿದೆ, ಮೇಲಕ್ಕೆ ಕಳುಹಿಸುವ ವೇಗ ಸೆಕೆಂಡಿಗೆ ೨೦ ಮೆಗಾಬಿಟ್ ಎಂದಿಟ್ಟುಕೊಳ್ಳಿ. ಒಂದು ಬೈಟಿಗೆ ಎಂಟು ಬಿಟ್ಟುಗಳಾದ್ದರಿಂದ ಒಟ್ಟು ೧೬ ಲಕ್ಷ ಕೋಟಿ ಬಿಟ್ಟುಗಳು. ಬೇಕಾಗುವ ಕಾಲ ೮,೦೦,೦೦೦ ಸೆಕೆಂಡು, ಅಂದರೆ ಒಂಬತ್ತು ದಿನಗಳಿಗೂ ಮಿಗಿಲು. ಆದುದರಿಂದಲೇ ಕೆಲವು ಸಂಸ್ಥೆಗಳು ಮೊದಲ ಪ್ರತಿಯನ್ನು ಡಿಸ್ಕಿನಲ್ಲಿ ತುಂಬಿ ಕೊರಿಯರಿನ ಮೂಲಕ ಕಳುಹಿಸುವ ಏರ್ಪಾಡನ್ನು ಮಾಡಿವೆ. ಅಂತರ್ಜಾಲದ ಕೆಲಸಕ್ಕೆ ಲಾರಿಯ ನೆರವು! ಇದರಲ್ಲಿ ನಗುವಂಥದೇನೂ ಇಲ್ಲ, ಲೆಕ್ಕ ಹಾಗಿದೆ.

ಎರಡನೆಯ ದಿನದಿಂದ ಬದಲಾದ ಭಾಗ ಮಾತ್ರ ಹೋದರೆ ಸಾಕು. ಬದಲಾದುದಾವುದೆಂದು ಗೊತ್ತಾಗುವುದು ಹೇಗೆ? ತಂತ್ರಾಂಶವು ಕಡತವನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಭಾಗಿಸಿ, ಪ್ರತಿಯೊಂದು ತುಂಡಿನಿಂದಲೂ ಗಣಿತದ ಒಂದು ವಿಧಾನದಿಂದ 'ಹ್ಯಾಷ್' ಎಂಬ ಮುದ್ರೆಯನ್ನು ಲೆಕ್ಕಹಾಕುತ್ತದೆ. ಎಸ್‌ಎಚ್‌ಎ-೨೫೬ ಎಂಬ ವಿಧಾನದಲ್ಲಿ ಈ ಮುದ್ರೆಯು ಸೊನ್ನೆ ಮತ್ತು ಒಂದುಗಳ ೨೫೬ ಸ್ಥಾನಗಳ ಸಾಲು. ತುಂಡಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಮುದ್ರೆ ಗುರುತು ಸಿಕ್ಕದಷ್ಟು ಬೇರೆಯಾಗುತ್ತದೆ. ಸಾಧ್ಯವಿರುವ ಮುದ್ರೆಗಳ ಸಂಖ್ಯೆ ೭೮ ಅಂಕಿಗಳಷ್ಟು ದೊಡ್ಡದಾದ್ದರಿಂದ, ಬೇರೆಬೇರೆ ಎರಡು ತುಂಡುಗಳಿಗೆ ಅಕಸ್ಮಾತ್ತಾಗಿ ಒಂದೇ ಮುದ್ರೆ ಬಂದೀತೆಂಬ ಭಯವನ್ನು ವ್ಯವಹಾರದಲ್ಲಿ ಬಿಡಬಹುದು. ಮುದ್ರೆ ಹಳೆಯದೇ ಆದರೆ ಆ ತುಂಡು ಈಗಾಗಲೇ ಅಲ್ಲಿದೆಯೆಂದರ್ಥ, ಕಳುಹಿಸಬೇಕಾಗಿಲ್ಲ. ಹತ್ತು ಗಣಕಗಳಲ್ಲಿ ಒಂದೇ ಬೆಲೆಪಟ್ಟಿಯಿದ್ದರೆ ಅದೂ ಒಮ್ಮೆ ಮಾತ್ರ ಹೋಗುತ್ತದೆ.

ಇಲ್ಲೊಂದು ಸ್ವಾರಸ್ಯವಾದ ತೊಡಕುಂಟು. ಒಂದು ಪುಸ್ತಕದ ಮೊದಲ ಪುಟದಲ್ಲಿ ಹೊಸ ಪದವೊಂದನ್ನು ಸೇರಿಸಿದಿರೆನ್ನಿ. ಪುಟಕ್ಕೆ ಇಷ್ಟೇ ಅಕ್ಷರಗಳೆಂಬ ಕಟ್ಟುಪಾಡಿದ್ದರೆ, ಮೊದಲ ಪುಟದ ಕೊನೆಯ ಪದ ಎರಡನೆಯದಕ್ಕೆ, ಅದರ ಕೊನೆಯದು ಮೂರನೆಯದಕ್ಕೆ ಜರುಗಿ, ಕೊನೆಯವರೆಗೆ ಪ್ರತಿಯೊಂದು ಪುಟವೂ ಬದಲಾದಂತೆ ಕಾಣುತ್ತದೆ. ಸಮಾನ ಅಳತೆಯ ತುಂಡುಗಳಿಗೂ ಇದೇ ಗತಿ. ಒಂದು ಪದಕ್ಕಾಗಿ ಇಡೀ ಗ್ರಂಥವನ್ನೇ ಕಳುಹಿಸಬೇಕಾಗುತ್ತದೆ. ಈ ತೊಡಕಿಗೆ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಎಂಬವರು ೧೯೯೬ರಲ್ಲಿ 'ಆರ್‌ಸಿಂಕ್' ಎಂಬ ತಂತ್ರಾಂಶದಲ್ಲಿ ಒಂದು ಚೆಲುವಾದ ಉಪಾಯವನ್ನು ಮಾಡಿದರು. ತುಂಡಿನಷ್ಟು ಅಗಲದ ಒಂದು ಕಿಟಕಿಯನ್ನು ಕಡತದ ಮೇಲೆ ಒಂದೊಂದೇ ಬೈಟಿನಂತೆ ಸರಿಸುತ್ತ ಹೋಗುವುದು. ಪ್ರತಿ ಸಲವೂ ಹೊರಬಿದ್ದ ಬೈಟನ್ನು ಕಳೆದು ಒಳಬಂದುದನ್ನು ಕೂಡಿಸಿ, ಮುದ್ರೆಯನ್ನು ಮೊದಲಿನಿಂದ ಲೆಕ್ಕಹಾಕದೆಯೇ ಪಡೆಯುವುದು. ಹಳೆಯ ಮುದ್ರೆಯೊಂದು ಎಲ್ಲಿ ಸಿಕ್ಕರೂ ಅದು ಹಳೆಯ ತುಂಡೇ ಇರಬಹುದೆಂದು ಬಗೆದು ಇನ್ನೊಂದು ಬಲವಾದ ಮುದ್ರೆಯಿಂದ ಖಚಿತಪಡಿಸಿಕೊಳ್ಳುವುದು. ಹೀಗೆ ತುಂಡು ಎತ್ತ ಜರುಗಿದರೂ ಸಿಕ್ಕಿಬೀಳುತ್ತದೆ. ಈಗಿನ ಅನೇಕ ಬ್ಯಾಕಪ್ ತಂತ್ರಾಂಶಗಳು ಇದೇ ಜಾತಿಯ ಉಪಾಯಗಳನ್ನು ಅನುಸರಿಸುತ್ತವೆ.

ತುಂಡುಗಳು ಕಚೇರಿಯನ್ನು ಬಿಡುವುದಕ್ಕೆ ಮುಂಚೆ ಅವನ್ನು ಗೂಢಲಿಪಿಗೆ ತಿರುಗಿಸುವುದು ಅವಶ್ಯ. ಕೀಲಿ ವ್ಯಾಪಾರಿಯಲ್ಲಿ ಮಾತ್ರ ಇದ್ದರೆ, ದತ್ತಾಂಶವನ್ನು ಇಟ್ಟುಕೊಂಡ ಸಂಸ್ಥೆಗೂ ಅದನ್ನು ಓದಲಾಗದು. ಆ ಕೀಲಿಯನ್ನು ಅದೇ ಗಣಕದಲ್ಲಿಟ್ಟರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದ ಹಾಗೆ. ಕಾಗದದ ಮೇಲೆ ಬರೆದು ಬ್ಯಾಂಕಿನ ಲಾಕರಿನಲ್ಲಿಡುವುದು ಈಗಲೂ ಒಳ್ಳೆಯ ಮಾರ್ಗ.

ಮೋಡವನ್ನು ಸೇರಿದ ಮೇಲೆ ಅಲ್ಲಿಯ ಡಿಸ್ಕು ಕೆಡುವುದಿಲ್ಲವೆ? ಕೆಡುತ್ತದೆ. ಸಾವಿರಾರು ಡಿಸ್ಕುಗಳಿರುವಲ್ಲಿ ಕೆಡುವುದು ದಿನನಿತ್ಯದ ಮಾತು. ೧೨, ೭, ೨೫ ಎಂಬ ಮೂರು ಸಂಖ್ಯೆಗಳನ್ನು ಮೂರು ಡಿಸ್ಕುಗಳಲ್ಲಿಯೂ, ಅವುಗಳ ಮೊತ್ತವಾದ ೪೪ನ್ನು ನಾಲ್ಕನೆಯದರಲ್ಲಿಯೂ ಇಟ್ಟರೆ, ಯಾವ ಒಂದು ಡಿಸ್ಕು ಹೋದರೂ ಕಳೆಯುವ ಲೆಕ್ಕದಿಂದ ಹೋದ ಸಂಖ್ಯೆಯನ್ನು ಮರಳಿ ಪಡೆಯಬಹುದು. ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ೧೯೬೦ರಲ್ಲಿ ಪ್ರಕಟಿಸಿದ ಸಂಕೇತಕ್ರಮವು ಇದನ್ನು ಬಹುದೂರ ಬೆಳೆಸಿತು. ಅದರಿಂದ ಹತ್ತು ತುಂಡುಗಳಿಗೆ ನಾಲ್ಕನ್ನು ಹೆಚ್ಚಾಗಿ ಸೇರಿಸಿ, ಹದಿನಾಲ್ಕರಲ್ಲಿ ಯಾವ ನಾಲ್ಕು ಕಳೆದರೂ ಮೂಲವನ್ನು ಪೂರ್ತಿಯಾಗಿ ಕಟ್ಟಬಹುದು. ದೊಡ್ಡ ಸಂಸ್ಥೆಗಳು ತಮ್ಮಲ್ಲಿ ದತ್ತಾಂಶ ನಶಿಸುವುದೇ ಇಲ್ಲವೆಂಬಷ್ಟು ಧೈರ್ಯದಿಂದ ಹೇಳಿಕೊಳ್ಳುವುದಕ್ಕೆ ಇಂತಹ ಗಣಿತವೇ ಆಧಾರ.

ಆದರೆ ಈ ಗಣಿತ ಕಾಪಾಡುವುದು ಡಿಸ್ಕಿನ ಮರಣದಿಂದ. 'ಅಳಿಸು' ಎಂಬ ಆಜ್ಞೆ ಬಂದರೆ ಹದಿನಾಲ್ಕು ತುಂಡುಗಳೂ ವಿಧೇಯವಾಗಿ ಅಳಿದುಹೋಗುತ್ತವೆ. ೨೦೨೪ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಎಂಬ ನಿವೃತ್ತಿವೇತನ ನಿಧಿಗೆ ಆದದ್ದು ಇದೇ. ಆರು ಲಕ್ಷಕ್ಕೂ ಮಿಕ್ಕ ಸದಸ್ಯರಿರುವ ಆ ನಿಧಿಯ ವ್ಯವಸ್ಥೆ ಗೂಗಲ್ ಕ್ಲೌಡಿನಲ್ಲಿ ಎರಡು ಬೇರೆ ಪ್ರದೇಶಗಳಲ್ಲಿ ಇದ್ದಿತು. ಗೂಗಲ್ಲಿನ ಕಡೆಯ ಒಂದು ತಪ್ಪು ಹೊಂದಾಣಿಕೆಯಿಂದ ಖಾತೆಯೇ ರದ್ದಾಗಿ, ಎರಡು ಕಡೆಯೂ ಒಟ್ಟಿಗೆ ಅಳಿಸಿಹೋಯಿತು. ದೂರ ಮಾತ್ರವಿದ್ದರೆ ಸಾಲದು. ಎರಡು ಪ್ರತಿಗಳೂ ಒಂದೇ ಆಜ್ಞೆಗೆ ತಲೆಬಾಗುವಂತಿರಬಾರದು. ನಿಧಿಯವರು ಮತ್ತೊಂದು ಸಂಸ್ಥೆಯಲ್ಲಿ ಬೇರೆಯಾಗಿ ಪ್ರತಿಯನ್ನಿಟ್ಟಿದ್ದುದು ಆಗ ನೆರವಿಗೆ ಬಂದಿತು. ಹಾಗಿದ್ದೂ ಸದಸ್ಯರು ಒಂದು ವಾರಕ್ಕಿಂತ ಹೆಚ್ಚು ಕಾಲ ತಮ್ಮ ಲೆಕ್ಕವನ್ನು ನೋಡಲಾರದೆ ಹೋದರು.

ಇನ್ನೂ ಘೋರವಾದುದು ಹಗೆತನದ ಅಳಿಸುವಿಕೆ. ಒತ್ತೆಹಣಕ್ಕಾಗಿ ದತ್ತಾಂಶಕ್ಕೆ ಬೀಗ ಹಾಕುವ ದುಷ್ಟ ತಂತ್ರಾಂಶಗಳು ಮೊದಲು ಹುಡುಕುವುದು ಮೀಸಲು ಪ್ರತಿಯನ್ನೇ. ೨೦೧೭ರ ಜೂನ್ ೨೭ರಂದು, ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಮೂಲಕ ಹೊಕ್ಕ 'ನಾಟ್‌ಪೆಟ್ಯ' ಎಂಬುದು ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಸಂಸ್ಥೆಯ ಜಾಲವನ್ನು ಜಗತ್ತಿನಾದ್ಯಂತ ಧ್ವಂಸಮಾಡಿತು. ಒತ್ತೆಹಣದ ವೇಷ ತೊಟ್ಟಿದ್ದರೂ ಅದರ ಕೆಲಸ ಬರಿಯ ನಾಶ. ಯಾರು ಯಾವ ಯಂತ್ರವನ್ನು ಬಳಸಬಹುದೆಂಬ ದಾಖಲೆಯನ್ನಿಟ್ಟುಕೊಂಡ ನೂರೈವತ್ತರಷ್ಟು ಸರ್ವರ್‌ಗಳು ಆ ಸಂಸ್ಥೆಯಲ್ಲಿದ್ದುವು. ಒಂದಕ್ಕೊಂದು ಕನ್ನಡಿಯಾಗಿದ್ದುದರಿಂದ ಬೇರೆ ಪ್ರತಿ ಬೇಡವೆಂಬ ಭಾವನೆಯಿದ್ದಿತು. ಕನ್ನಡಿಗಳೆಲ್ಲ ಒಮ್ಮೆಗೇ ಒಡೆದುವು. ಉಳಿದದ್ದು ಒಂದು, ಆಫ್ರಿಕದ ಘಾನಾ ದೇಶದಲ್ಲಿ. ದಾಳಿಗೆ ಮುಂಚೆ ಅಲ್ಲಿ ವಿದ್ಯುತ್ತು ಹೋಗಿ ಆ ಯಂತ್ರ ಜಾಲದಿಂದ ಕಡಿದುಹೋಗಿತ್ತು! ಅಲ್ಲಿಯ ಅಂತರ್ಜಾಲ ನಿಧಾನವಾದ್ದರಿಂದ ದತ್ತಾಂಶವನ್ನು ಕೈಯಲ್ಲಿಯೇ ಇಂಗ್ಲೆಂಡಿಗೆ ಒಯ್ಯಬೇಕಾಯಿತು. ಘಾನಾದ ನೌಕರರಿಗೆ ಬ್ರಿಟಿಷ್ ವೀಸಾ ಇರಲಿಲ್ಲ. ಒಬ್ಬರು ನೈಜೀರಿಯಕ್ಕೆ ಹಾರಿ, ವಿಮಾನ ನಿಲ್ದಾಣದಲ್ಲಿ ಮತ್ತೊಬ್ಬರ ಕೈಗೆ ಡಿಸ್ಕನ್ನು ಒಪ್ಪಿಸಿದರು. ಹತ್ತು ದಿನಗಳಲ್ಲಿ ೪,೦೦೦ ಸರ್ವರ್‌ಗಳನ್ನೂ ೪೫,೦೦೦ ಗಣಕಗಳನ್ನೂ ಹೊಸದಾಗಿ ಅಣಿಗೊಳಿಸಬೇಕಾಯಿತೆಂದು ಸಂಸ್ಥೆಯ ಅಧ್ಯಕ್ಷರೇ ಅನಂತರ ಹೇಳಿದರು.

ಕರೆಂಟು ಹೋಗುವುದನ್ನು ನೆಚ್ಚಿ ವ್ಯವಹಾರ ನಡೆಸಲಾದೀತೆ? ಘಾನಾದಲ್ಲಿ ಆಕಸ್ಮಿಕವಾಗಿ ಒದಗಿದ ರಕ್ಷಣೆಯನ್ನು ಈಗ ಬುದ್ಧಿಪೂರ್ವಕವಾಗಿ ಏರ್ಪಡಿಸುತ್ತಾರೆ. ಕ್ಲೌಡಿನಲ್ಲಿಟ್ಟ ಪ್ರತಿಗೆ ಒಂದು ಅವಧಿಯನ್ನು ಕಟ್ಟಿ, ಅದು ಮುಗಿಯುವವರೆಗೆ ಯಜಮಾನನೇ ಕೇಳಿದರೂ ಅಳಿಸಲಾಗದಂತೆ, ತಿದ್ದಲಾಗದಂತೆ ಮುದ್ರಿಸಿಡುವ ವ್ಯವಸ್ಥೆ ಅದು. ನಮ್ಮ ದೃಷ್ಟಿಯಲ್ಲಿ ಬ್ಯಾಕಪ್ ಸೇವೆಯನ್ನು ಕೊಳ್ಳುವವನು ಮೊದಲು ವಿಚಾರಿಸಬೇಕಾದುದು ಇದನ್ನೇ. ಬೆಲೆಯ ಮಾತು ಆಮೇಲೆ.

ಭಾರತದ ಕಂಪನಿಗಳಿಗೆ ಕಾಯಿದೆಯ ಕಟ್ಟುಪಾಡೂ ಉಂಟು. ವಿದ್ಯುನ್ಮಾನ ರೂಪದಲ್ಲಿಟ್ಟ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದೊಳಗಿರುವ ಸರ್ವರಿನಲ್ಲಿ ಕಾಲಕಾಲಕ್ಕೆ ಇಡಬೇಕೆಂದಿದ್ದ ನಿಯಮವನ್ನು ೨೦೨೨ರ ಆಗಸ್ಟಿನಲ್ಲಿ ತಿದ್ದಿ, ಪ್ರತಿದಿನವೂ ಇಡತಕ್ಕದ್ದೆಂದು ಮಾಡಲಾಯಿತು. ಬೆಂಗಳೂರಿನ ಕಂಪನಿಯೊಂದು ತನ್ನ ಪ್ರತಿಯನ್ನು ಹೈದರಾಬಾದಿನಲ್ಲಿಯೋ ಮುಂಬಯಿಯಲ್ಲಿಯೋ ಇಟ್ಟರೆ ನಿಯಮವೂ ಪಾಲನೆಯಾಗುತ್ತದೆ, ನೂರಾರು ಮೈಲಿಗಳ ಅಂತರವೂ ಸಿಕ್ಕುತ್ತದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಇಟ್ಟದ್ದು ಬಂದೀತೆ? ೨೦೧೭ರ ಜನವರಿ ೩೧ರ ರಾತ್ರಿ, ತಂತ್ರಾಂಶ ನಿರ್ಮಾಪಕರಿಗೆ ಸೇವೆ ಸಲ್ಲಿಸುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ದಣಿವಿನಲ್ಲಿ ಬೇರೆ ಸರ್ವರೆಂದು ತಿಳಿದು ಮುಖ್ಯ ಸರ್ವರಿನ ದತ್ತಾಂಶವನ್ನೇ ಅಳಿಸತೊಡಗಿದರು. ತಪ್ಪು ತಿಳಿದು ಕೈ ತಡೆಯುವಷ್ಟರಲ್ಲಿ ಸುಮಾರು ೩೦೦ ಗಿಗಾಬೈಟಿನಲ್ಲಿ ಉಳಿದುದು ನಾಲ್ಕೂವರೆ. ಆ ಸಂಸ್ಥೆಯಲ್ಲಿ ರಕ್ಷಣೆಗೆ ಐದು ಮಾರ್ಗಗಳಿದ್ದುವು. ಒಂದೂ ಸರಿಯಾಗಿ ಒದಗಲಿಲ್ಲ. ದಿನವೂ ನಡೆಯಬೇಕಾಗಿದ್ದ ನಕಲು, ತಂತ್ರಾಂಶದ ಆವೃತ್ತಿ ಹೊಂದದೆ ನಿಂತುಹೋಗಿತ್ತು. ನಿಂತಿದೆಯೆಂದು ಎಚ್ಚರಿಸುವ ಮಿಂಚಂಚೆಗಳು ತಿರಸ್ಕೃತವಾಗಿ ಯಾರನ್ನೂ ತಲಪಿರಲಿಲ್ಲ. ಆರು ಗಂಟೆಗಳ ಹಿಂದೆ ಬೇರೊಂದು ಪರೀಕ್ಷೆಗೆಂದು ತೆಗೆದಿದ್ದ ಪ್ರತಿಯಿಂದ ಮಾನ ಉಳಿಯಿತು. ಅವರು ಈ ವಿವರವನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದುದು ಮೆಚ್ಚಬೇಕಾದ ಸಂಗತಿ.

ಮರಳಿ ತರುವುದಕ್ಕೂ ಕಾಲ ಬೇಕು. ಮೇಲೆ ಹೇಳಿದ ಎರಡು ಟೆರಾಬೈಟ್, ಸೆಕೆಂಡಿಗೆ ೧೦೦ ಮೆಗಾಬಿಟ್ ವೇಗದಲ್ಲಿ ಇಳಿದು ಬರುವುದಕ್ಕೆ ೪೪ ಗಂಟೆಗಳು. ಅಷ್ಟು ಹೊತ್ತು ಅಂಗಡಿ ಮುಚ್ಚಲಾಗದವನು ಮೋಡದ ಪ್ರತಿಯೊಡನೆ ಒಂದನ್ನು ಕಚೇರಿಯಲ್ಲಿಯೂ ಇಟ್ಟುಕೊಳ್ಳಬೇಕು, ಅದೂ ಕೆಲಸವಿಲ್ಲದಾಗ ತಂತಿಯಿಂದ ಬಿಡಿಸಿಟ್ಟು. ಪರೀಕ್ಷೆಗೆ ಹೆಚ್ಚಿನ ಪರಿಣತಿ ಬೇಕಾಗಿಲ್ಲ. ತಿಂಗಳಿಗೊಮ್ಮೆ ಬೇರೊಂದು ಗಣಕದ ಮುಂದೆ ಗುಮಾಸ್ತನನ್ನು ಕೂರಿಸಿ, ಮೂರು ತಿಂಗಳ ಹಿಂದಿನ ಯಾವುದಾದರೊಂದು ದಿನದ ಲೆಕ್ಕವನ್ನು ಮೋಡದಿಂದ ತೆಗೆಸಿ, ಆ ದಿನ ಅಚ್ಚು ಹಾಕಿಟ್ಟ ಬಿಲ್ಲುಗಳೊಡನೆ ತಾಳೆ ನೋಡಿಸಿದರೆ ಸಾಕು. ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಗೋಡೆಯ ಗಡಿಯಾರ ಹೇಳುತ್ತದೆ.