ಬಿಸಿನೀರಿನಿಂದ ಬೆಂದ ಕೈ: ಮೊದಲ 20 ನಿಮಿಷ, ಆಮೇಲಿನ ವಾರಗಳು

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗಗಳಲ್ಲಿ ಹತ್ತಿ ಬಿಡಿಸುವ ಕಾಲಕ್ಕೇ ಚಳಿಯೂ ಬರುತ್ತದೆ. ಬೆಳಗಿನ ಜಾವದಲ್ಲಿ ಬಚ್ಚಲ ಒಲೆಗೆ ತೊಗರಿ ಕಟ್ಟಿಗೆಯನ್ನೋ ಹತ್ತಿ ಕಟ್ಟಿಗೆಯನ್ನೋ ಒಟ್ಟಿ ಹಂಡೆ ಕಾಯಿಸುತ್ತಾರೆ. ಹೊತ್ತೇರುವ ಮೊದಲು ಹೊಲ ಸೇರಬೇಕಾದ ಹೆಣ್ಣುಮಕ್ಕಳು ಅದೇ ಅವಸರದಲ್ಲಿ ರೊಟ್ಟಿ ಬಡಿಯಬೇಕು, ಬುತ್ತಿ ಕಟ್ಟಬೇಕು, ಮಕ್ಕಳ ಮೈ ತೊಳೆಯಬೇಕು. ಕುದಿನೀರು ಚೆಲ್ಲುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲಿಯೇ. ನೀರು ತುಂಬುವ ಹಬ್ಬದ ಮರುದಿನದ ಎಣ್ಣೆ ಸ್ನಾನ, ಬಾಣಂತಿಗೆ ನೀರೆರೆಯುವುದು, ಮೈಲಾಪುರ, ತಿಂಥಣಿ ಜಾತ್ರೆಗಳ ದೊಡ್ಡ ಅಡುಗೆ, ಇವೂ ಎಚ್ಚರ ಬೇಡುವ ಸಂದರ್ಭಗಳೇ.

ದೊಡ್ಡ ಅನಾಹುತಗಳು ಪತ್ರಿಕೆಯಲ್ಲಿ ಬರುತ್ತವೆ. ಫೆಬ್ರುವರಿ 2022ರಲ್ಲಿ ಶಹಾಪುರ ತಾಲ್ಲೂಕಿನ ದೋರನಹಳ್ಳಿಯ ಸೀಮಂತದ ಮನೆಯಲ್ಲಿ ಅಡುಗೆ ಅನಿಲದ ಬೆಂಕಿ ಹಲವರ ಜೀವ ತೆಗೆಯಿತು. ನವೆಂಬರ್ 2023ರಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಚಿಣಮಗೇರಾ ಶಾಲೆಯಲ್ಲಿ ಬಿಸಿಯೂಟದ ಸಾಂಬಾರಿನ ಪಾತ್ರೆಗೆ ಬಿದ್ದ ಎರಡನೆಯ ತರಗತಿಯ ಬಾಲಕಿ, ಬೆಂಗಳೂರಿನವರೆಗೆ ಒಯ್ದರೂ ಉಳಿಯಲಿಲ್ಲ. ಆದರೆ ತಂಬಿಗೆ ನೀರು ಬಿದ್ದು ಬೆಂದ ಕೈಗಳು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಆ ಕೈಯ ಬೆರಳು ಮುದುಡಿದರೆ ಹತ್ತಿ ಬಿಡಿಸಲಾಗದು, ಕಳೆ ತೆಗೆಯಲಾಗದು, ಮೆಣಸಿನಕಾಯಿ ಹರಿಯಲಾಗದು. ಬೇಸಾಯಶಾಸ್ತ್ರದವನಾದ ನಾನು ಈ ವಿಷಯ ಎತ್ತಿಕೊಂಡಿರುವುದು ಆ ಕಾರಣಕ್ಕೆ.

ಶಾಖ ಮತ್ತು ಸಮಯ

ಕಬ್ಬಿನ ಬೀಜೋಪಚಾರ ಕಂಡವರಿಗೆ ಇದು ಬೇಗ ತಿಳಿಯುತ್ತದೆ. ರೋಗ ಕಳೆಯಲೆಂದು ಕಬ್ಬಿನ ತುಂಡುಗಳನ್ನು 50 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 2 ಗಂಟೆ ಇಡುತ್ತೇವೆ. ಕಣ್ಣು ಸಾಯುವುದಿಲ್ಲ. ಶಾಖ ನಾಲ್ಕೈದು ಡಿಗ್ರಿ ಏರಿದರೆ ಮೊಳಕೆ ಕೆಡುತ್ತದೆ. ಮನುಷ್ಯನ ಚರ್ಮ ಕಬ್ಬಿನಷ್ಟು ಗಟ್ಟಿಯಲ್ಲ. 1947ರಲ್ಲಿ ಅಮೆರಿಕದ ಮೊರಿಟ್ಸ್ ಮತ್ತು ಹೆನ್ರಿಕೆಸ್ ಎಂಬ ವಿಜ್ಞಾನಿಗಳು ಈ ಲೆಕ್ಕವನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ದೊಡ್ಡವರ ಚರ್ಮ ಆಳವಾಗಿ ಬೇಯಲು 50 ಡಿಗ್ರಿ ನೀರಿಗೆ ಸುಮಾರು 5 ನಿಮಿಷ ಬೇಕು, 55 ಡಿಗ್ರಿಗೆ ಅರ್ಧ ನಿಮಿಷ, 60 ಡಿಗ್ರಿಗೆ 5 ಸೆಕೆಂಡು. 70 ಡಿಗ್ರಿಗೆ ಒಂದು ಸೆಕೆಂಡು ಸಾಕು. ಕೂಸುಗಳ ಚರ್ಮ ತೆಳು, ಇನ್ನೂ ಬೇಗ ಬೇಯುತ್ತದೆ. ಕುದಿಯುತ್ತಿಲ್ಲ, ಹಬೆ ಮಾತ್ರ ಆಡುತ್ತಿದೆ ಎಂದು ಹಂಡೆಯನ್ನು ನಂಬುವಂತಿಲ್ಲ.

ಇನ್ನೊಂದು ಸಂಗತಿ. ನೀರು ಚೆಲ್ಲಿ ಹೋದ ಮೇಲೂ ಚರ್ಮದೊಳಗೆ ಸೇರಿದ ಶಾಖ ಅಲ್ಲಿಯೇ ಇರುತ್ತದೆ. ಒಲೆಯಿಂದ ಇಳಿಸಿದ ಅನ್ನ ಪಾತ್ರೆಯಲ್ಲಿಯೇ ಬೇಯುತ್ತಿರುವಂತೆ ಗಾಯವೂ ಒಳಗೊಳಗೆ ಬೇಯುತ್ತಿರುತ್ತದೆ. ಆ ಶಾಖವನ್ನು ಹೊರಗೆ ತೆಗೆಯುವುದೇ ಪ್ರಥಮ ಚಿಕಿತ್ಸೆಯ ತಿರುಳು.

ಎರಡು ಕೊಡ ನೀರು

ಬೆಂದ ಭಾಗದ ಮೇಲೆ ತಣ್ಣೀರನ್ನು ಸಣ್ಣ ಧಾರೆಯಾಗಿ 20 ನಿಮಿಷ ಬಿಡಬೇಕು. ಒಂದು ನಿಮಿಷಕ್ಕೆ ಒಂದು ತಂಬಿಗೆಯಂತೆ 20 ತಂಬಿಗೆ, ಹೆಚ್ಚೆಂದರೆ ಎರಡು ಕೊಡ. ನೀರಿನ ಕೊರತೆಯ ಊರಿನಲ್ಲಿಯೂ ಇಷ್ಟು ಹೊಂದಿಸಬಹುದು. ನಡುವೆ ನೋವು ಕಡಿಮೆಯಾಯಿತೆಂದು ನಿಲ್ಲಿಸುವವರೇ ಬಹಳ. ಗಡಿಯಾರ ನೋಡಿ ಪೂರ್ತಿ ಮಾಡಬೇಕು. ತಕ್ಷಣ ಆಗದಿದ್ದರೆ ಮೂರು ತಾಸಿನೊಳಗೆ ಯಾವಾಗ ಮಾಡಿದರೂ ಪ್ರಯೋಜನವುಂಟು.

ನಮ್ಮ ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟಾಕಿಯ ನೀರೇ ಕೈಗೆ ತಾಳದಷ್ಟು ಕಾದಿರುತ್ತದೆ. ಆಗ ಕುಡಿಯುವ ಹರವಿಯ ನೀರನ್ನೇ ಬಳಸಿರಿ. ಹೊಲದಲ್ಲಿ ಚಹಾ ಕಾಯಿಸುವಾಗ ಚೆಲ್ಲಿಕೊಂಡರೆ ಕುಡಿಯಲು ಒಯ್ದ ನೀರು ಮೊದಲು. ಗದ್ದೆಯಲ್ಲಿ ನಿಂತ ನೀರು ಬೇಡ. ಕೀಟನಾಶಕದ ಖಾಲಿ ಡಬ್ಬಿಯಲ್ಲಿ ತುಂಬಿದ ನೀರಂತೂ ಬೇಡವೇ ಬೇಡ. ಮಂಜುಗಡ್ಡೆಯನ್ನೂ ಇಡಬಾರದು, ಅದರಿಂದ ರಕ್ತನಾಳಗಳು ಕುಗ್ಗಿ ಗಾಯ ಇನ್ನೂ ಆಳವಾಗುತ್ತದೆ.

ನೀರು ಬಿಡುತ್ತಿರುವಾಗಲೇ ಇನ್ನೊಬ್ಬರು ಬಟ್ಟೆ ಬಿಚ್ಚಬೇಕು. ಬಿಸಿನೀರು ಹೀರಿದ ಸ್ವೆಟರ್, ಕುಲಾಯಿಗಳು ಶಾಖವನ್ನು ಹಿಡಿದಿಡುತ್ತವೆ. ಚರ್ಮಕ್ಕೆ ಅಂಟಿದ್ದನ್ನು ಎಳೆಯದೆ ಸುತ್ತಲೂ ಕತ್ತರಿಸಿರಿ. ಬಳೆ, ಉಂಗುರ, ಕಾಲುಂಗುರ, ಕಡಗ, ಉಡದಾರಗಳನ್ನು ಬಾವು ಏರುವ ಮೊದಲೇ ತೆಗೆಯಬೇಕು. ಚಿಕ್ಕ ಕೂಸಾದರೆ ಬೆಂದ ಭಾಗಕ್ಕೆ ಮಾತ್ರ ನೀರು, ಉಳಿದ ಮೈಗೆ ಕೌದಿ. ಕೂಸು ನಡುಗತೊಡಗಿದರೆ ನೀರು ನಿಲ್ಲಿಸಿರಿ.

ಹಲ್ಲಿನ ಪೇಸ್ಟು, ಮಸಿ, ಅರಿಶಿನ, ಸೆಗಣಿ, ಬೂದಿ, ಉಪ್ಪು, ಇವುಗಳಲ್ಲಿ ಯಾವುದನ್ನೂ ಹಚ್ಚಬಾರದು. ಸುಣ್ಣದ ತಿಳಿನೀರಿಗೆ ಎಣ್ಣೆ ಕದಡಿ ಹಚ್ಚುವುದು ಒಂದು ಕಾಲಕ್ಕೆ ವೈದ್ಯರೇ ಹೇಳುತ್ತಿದ್ದ ಮದ್ದು. ಅದನ್ನು ಕೈಬಿಟ್ಟು ಬಹುಕಾಲವಾಯಿತು. ಇಂಥ ಲೇಪಗಳು ಶಾಖವನ್ನು ಒಳಗೇ ಉಳಿಸುತ್ತವೆ, ನಂಜು ಸೇರಿಸುತ್ತವೆ. ಗಾಯದ ಆಳ ನೋಡಲು ವೈದ್ಯರು ಅವನ್ನು ತಿಕ್ಕಿ ತೆಗೆಯಬೇಕಾಗುತ್ತದೆ, ಆ ನೋವು ಬೇರೆ. ಬೊಬ್ಬೆಗಳನ್ನು ಒಡೆಯಬೇಡಿರಿ. ಒಗೆದು ಒಣಗಿಸಿದ ಬಿಳಿ ಧೋತರದ ತುಂಡನ್ನು ಸಡಿಲಾಗಿ ಹೊದಿಸಿದರೆ ಸಾಕು. ಕೈಯಾದರೆ ಹೊಸ, ಶುಚಿಯಾದ ಪ್ಲಾಸ್ಟಿಕ್ ಚೀಲದಲ್ಲಿಯೂ ಇಡಬಹುದು. ಗೊಬ್ಬರದ ಚೀಲದ ಒಳಹಾಳೆ ಇದಕ್ಕೆ ಸಲ್ಲದು.

ಆಸ್ಪತ್ರೆಗೆ ಯಾವಾಗ

ಗಾಯಗೊಂಡವರದೇ ಅಂಗೈಯನ್ನು ಬೆರಳುಗಳೂ ಸೇರಿ ಅಳತೆಗೋಲಾಗಿ ಇಟ್ಟುಕೊಳ್ಳಿ. ಅದು ಮೈಯ ಸುಮಾರು ನೂರರ ಒಂದು ಭಾಗ. ಮಕ್ಕಳಲ್ಲಿ ಐದು ಅಂಗೈಗಿಂತ, ದೊಡ್ಡವರಲ್ಲಿ ಹತ್ತು ಅಂಗೈಗಿಂತ ಹೆಚ್ಚು ಬೆಂದಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಬೆಂದಿದ್ದರೆ ಅಳತೆ ನೋಡುವ ಅಗತ್ಯವೇ ಇಲ್ಲ. ಗಾಯ ಬೆಳ್ಳಗೆ ಬಿಳಿಚಿ ನೋವೇ ಇಲ್ಲದಿದ್ದರೆ ಅದು ಆಳದ ಗಾಯ. ನೋವಿಲ್ಲವೆಂದು ಸಮಾಧಾನ ಪಡುವಂತಿಲ್ಲ. 2008ರಿಂದ ನಡೆಯುತ್ತಿರುವ 108 ವಾಹನಕ್ಕೆ ಕರೆ ಮಾಡಿರಿ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ.

ದೊಡ್ಡ ಗಾಯದಲ್ಲಿ ರಕ್ತದೊಳಗಿನ ನೀರಿನಂಶ ಸೋರಿ ಮೈ ಬಾಡುತ್ತದೆ. ಕಲಬುರಗಿಗೋ ರಾಯಚೂರಿಗೋ ದೂರದ ಪ್ರಯಾಣವಿದ್ದು, ಎಚ್ಚರವಿದ್ದರೆ, ವಾಂತಿಯಿಲ್ಲದಿದ್ದರೆ, ಆಶಾ ಕಾರ್ಯಕರ್ತೆಯರ ಬಳಿ ಸಿಗುವ ಓಆರ್‌ಎಸ್ ಪುಡಿಯನ್ನು ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಬಹುದು. ಮಗು ಮಂಕಾದರೆ, ಮೂತ್ರ ನಿಂತರೆ ಅಪಾಯವೆಂದು ತಿಳಿಯಿರಿ. ಗಾಯ ಚಿಕ್ಕದಾದರೂ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಲೇಬೇಕು.

ಮನೆಗೆ ಬಂದ ಮೇಲೆ

ಮೇಲ್ಪದರದ ಗಾಯಗಳು ಸಾಮಾನ್ಯವಾಗಿ ಎರಡು ವಾರಗಳಲ್ಲಿ ಮಾಯುತ್ತವೆ. ಮೂರು ವಾರ ದಾಟಿಯೂ ಹಸಿಯಾಗಿದ್ದರೆ ಚರ್ಮ ಕಸಿ ಬೇಕಾಗಬಹುದು, ಮತ್ತೆ ತೋರಿಸಿರಿ. ದುರ್ವಾಸನೆ, ಕೀವು, ಜ್ವರ, ಸುತ್ತ ಹರಡುವ ಕೆಂಪು ಕಂಡರೆ ಅಷ್ಟು ದಿನವೂ ಕಾಯಬಾರದು.

ಊಟದ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ತಪ್ಪು ನಡೆಯುತ್ತದೆ. ಗಾಯಕ್ಕೆ ನಂಜಾಗುತ್ತದೆಂದು ಮೊಟ್ಟೆ, ಬೇಳೆ, ಶೇಂಗಾ, ಮೊಸರು ಎಲ್ಲ ನಿಲ್ಲಿಸಿ ಬರಿಯ ಗಂಜಿಗೆ ಇಳಿಸುತ್ತಾರೆ. ಬೆಂದ ಚರ್ಮದಿಂದ ಸಸಾರಜನಕ ಸೋರಿ ಹೋಗುತ್ತಿರುತ್ತದೆ, ಹೊಸ ಚರ್ಮ ಕಟ್ಟಲೂ ಅದೇ ಬೇಕು. ಗೊಬ್ಬರವಿಲ್ಲದೆ ಬೆಳೆ ಕೇಳಿದಂತಾಯಿತು ಇದು. ತೊಗರಿ ಬೆಳೆಯುವ ಮನೆಯಲ್ಲಿ ಗಾಯಾಳುವಿಗೆ ಬೇಳೆ ಸಿಗದಿರುವುದು ಎಂಥ ವಿಚಿತ್ರ! ಈ ಪಥ್ಯವನ್ನು ಬಿಡಲೇಬೇಕು.

ಬೆರಳುಗಳ ಆರೈಕೆಗೆ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕು. ಮಾಯುವ ಚರ್ಮ ತನ್ನಷ್ಟಕ್ಕೆ ಸೆಳೆದುಕೊಳ್ಳುತ್ತದೆ. ಒಂದಕ್ಕೊಂದು ತಾಗುವ ಬೆರಳುಗಳು ಕೂಡಿಕೊಂಡೂ ಬಿಡುತ್ತವೆ. ಆದ್ದರಿಂದ ಪ್ರತಿ ಬೆರಳಿಗೂ ಬೇರೆ ಬೇರೆ ಪಟ್ಟಿ ಕಟ್ಟಿಸಬೇಕು. ವೈದ್ಯರು ಒಪ್ಪಿದ ದಿನದಿಂದ ಮುಷ್ಟಿ ಹಿಡಿದು ಬಿಡುವುದನ್ನು ದಿನಕ್ಕೆ ಹಲವು ಸಲ ಮಾಡಿಸಬೇಕು, ನೋವಾದರೂ. ಮೊಣಕೈ ಬೆಂದವರು ಕೈ ಚಾಚಿ ಮಲಗಬೇಕು. ಕುತ್ತಿಗೆ ಬೆಂದವರಿಗೆ ತಲೆದಿಂಬು ಬೇಡ. ಗಾಯ ಪೂರ್ತಿ ಮುಚ್ಚಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕುವುದು ಒಳ್ಳೆಯದು.

ಹೊಸ ಚರ್ಮಕ್ಕೆ ಬಿಸಿಲು ತಾಳದು. ಹೊಲಕ್ಕೆ ಹೋಗುವಾಗ ತುಂಬುತೋಳಿನ ಹತ್ತಿ ಬಟ್ಟೆ ಇರಲಿ. ಒಡೆದ ಹತ್ತಿಕಾಯಿಯ ಚೂಪು ತುದಿಗಳು ಅದನ್ನು ಸುಲಭವಾಗಿ ಗೀರುತ್ತವೆ, ಮೊದಲ ಬಿಡಿಸುವಿಕೆಯನ್ನು ಬೇರೆಯವರಿಗೆ ಬಿಡುವುದು ಲೇಸು. ಔಷಧ ಸಿಂಪರಣೆಗಂತೂ ಗಾಯ ಹಸಿಯಿರುವವರೆಗೆ ಹೋಗಲೇಬಾರದು, ಗಾಯದ ಮೂಲಕ ವಿಷ ಬೇಗ ಮೈ ಸೇರುತ್ತದೆ. ಹಿಂದೆಂದೋ ಬೆಂದು ಮುದುಡಿದ ಬೆರಳುಗಳು ಮನೆಯಲ್ಲಿ ಯಾರಿಗಾದರೂ ಇದ್ದರೆ, ವರ್ಷಗಳು ಕಳೆದಿದ್ದರೂ ಶಸ್ತ್ರಚಿಕಿತ್ಸೆಯಿಂದ ಅವನ್ನು ಬಿಡಿಸಲು ಸಾಧ್ಯವುಂಟು. ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ಪ್ಲಾಸ್ಟಿಕ್ ಸರ್ಜನ್ ಇರುವಲ್ಲಿಗೆ ಚೀಟಿ ಬರೆಸಿಕೊಳ್ಳಿರಿ.